ಶೋಕೇಸಿಗೆ ಹಿಡಿಕೆಯಾದ ತಾಳ

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಮುರಗೆಪ್ಪನ ಮೂಗಿಗೆ ಸಮನಾದ ಮೂಗು ಇನ್ನೊಂದಿಲ್ಲ. ಅಚ್ಚುಬೆಲ್ಲದ ಪೆಂಟೆಯ ಮೇಲೆ ಬಾಗಿ ಒಮ್ಮೆ ಮೂಸಿದನೆಂದರೆ ಅದು ಯಾವ ಊರಿನ ಗಾಣದ್ದು, ಕುದಿಯುವಾಗ ಅದಕ್ಕೆ ಏನೇನು ಸುರಿದಿದ್ದಾರೆ ಎಲ್ಲವನ್ನೂ ಹೇಳಿಬಿಡುತ್ತಾನೆ. ಆದರೆ ದೇವರು ಅವನ ಕಿವಿಯ ಪಾಲನ್ನೂ ಮೂಗಿಗೇ ಕೊಟ್ಟು ಕೈತೊಳೆದುಕೊಂಡಿದ್ದ. ಅವನ ಅಪ್ಪ ನಮ್ಮ ಓಣಿಯ ಭಜನೆ ಮೇಳದಲ್ಲಿ ನಲವತ್ತು ವರ್ಷ ತಾಳ ಹಿಡಿದವರು. ಮಗ ಮಂಗಳಾರತಿಗೆ ಚಪ್ಪಾಳೆ ತಟ್ಟಿದರೆ ಪಕ್ಕದಲ್ಲಿ ನಿಂತವರೂ ದಾರಿ ತಪ್ಪುತ್ತಿದ್ದರು. ನಾನು ಅವನ ಎದುರುಮನೆಯವನು, ನಿವೃತ್ತ ಶಾಲಾ ಮಾಸ್ತರ. ಅದೇ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುತ್ತೇನೆ. ಆದ್ದರಿಂದ ಈ ಮಾತು ಹೇಳುವ ಹಕ್ಕು ನನಗಿದೆ.

ಮೂರು ವರ್ಷದ ಹಿಂದೆ ಮುರಗೆಪ್ಪ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದ. ಒಳಗಿನ ಅಲಂಕಾರಕ್ಕೆ ಬೆಳಗಾವಿಯಿಂದ ಕೌಸ್ತುಭ ಎನ್ನುವವನು ಬಂದ. ಮನೆಗೊಂದು ಥೀಮ್ ಇರಲೇಬೇಕು ಎಂದು ಅವನು ಹೇಳಿದ ಮೇಲೆ ಮುರಗೆಪ್ಪನಿಗೆ ಊಟ ಸೇರಲಿಲ್ಲ. ಜಮಖಂಡಿಯ ಬೀಗರು ಆಗಲೇ ಚಕ್ಕಡಿ ಗಾಲಿಯ ಮೇಲೆ ಗಾಜು ಹಾಕಿಸಿ ಟೀಪಾಯಿ ಮಾಡಿಸಿದ್ದರು. ಮುಧೋಳದ ಗೆಳೆಯನೊಬ್ಬ ಅಜ್ಜಿಯ ಬೀಸುಕಲ್ಲಿನಿಂದ ಕಾರಂಜಿ ಚಿಮ್ಮಿಸಿದ್ದ. ಯಾರೂ ಇನ್ನೂ ಕೈ ಹಾಕದೆ ಉಳಿದದ್ದು ಸಂಗೀತ ಒಂದೇ.

ಒಂದು ಸಂಜೆ ಮುರಗೆಪ್ಪ ಮೇಳದವರು ಕೂಡುವ ಗುಡಿಗೆ ಬಂದು ಕೂತ.

"ಮಾಸ್ತರ, ನಿಮ್ಮ ಹಳೇ ಸಾಮಾನ ಎಲ್ಲಾ ನನಗ ಕೊಡ್ರಿ. ನಿಮಗ ಹೊಸಾ ಪೇಟಿ ಕೊಡಸ್ತೀನಿ. ಉಳದದ್ದಕ್ಕೆಲ್ಲಾ ಒಂದ ಡಬ್ಬಿ. ಬಟನ್ ಒತ್ತಿದ್ರ ಡಗ್ಗಾ, ತಂಬೂರಿ, ತಾಳ ಎಲ್ಲಾ ತಾವ ಬರತಾವ."

ಮೇಳದ ಮುಂದಾಳು ಈರಪ್ಪನಿಗೆ ಸಾಮಾನು ಹೊತ್ತು ಹೊತ್ತು ಹೆಗಲು ನೋವು. ನನಗೆ ಹೊಸ ಪೇಟಿಯ ಆಸೆ. ಇಬ್ಬರೂ ಕೂಡಿ ಹೂಂ ಅಂದೆವು. ಡಬ್ಬಿ ಬಂದ ತಿಂಗಳಲ್ಲೇ ಡಗ್ಗಾದವನೂ ತಾಳದವನೂ "ಇನ್ನ ನಮ್ಮ ಕೆಲಸೇನ್ರಿ" ಎಂದು ಮೇಳ ಬಿಟ್ಟರು. ಅದಕ್ಕೂ ನಾವು ಹೂಂ ಅಂದೆವು. ಮುರಗೆಪ್ಪನನ್ನು ನೋಡಿ ನಗುವ ಮೊದಲು ಇದನ್ನು ಹೇಳಿಬಿಡುವುದು ಒಳ್ಳೆಯದು.

ಕೌಸ್ತುಭ ಕೈಗೆ ಸಿಕ್ಕ ವಾದ್ಯವನ್ನು ಸುಮ್ಮನೆ ಬಿಡುವವನಲ್ಲ. ತಂಬೂರಿಯ ಬುರುಡೆ ಕೊರೆದು ಅದರಲ್ಲಿ ಗಡಿಯಾರ ಕೂಡಿಸಿದ. ಡಗ್ಗಾದ ಚರ್ಮ ಕಿತ್ತು ಒಳಗೆ ಬಲ್ಬು ಇಟ್ಟ. ನನ್ನ ಹಳೆಯ ಪೇಟಿಯ ಹೊಟ್ಟೆಯಲ್ಲಿ ಮನಿ ಪ್ಲಾಂಟ್ ಬೆಳೆಸಿದ. ಹಿತ್ತಾಳೆಯ ಎರಡು ತಾಳಗಳಿಗೆ ನಡುವೆ ದಾರ ಪೋಣಿಸುವ ತೂತು ಮೊದಲೇ ಇತ್ತಲ್ಲ, ಅದರಲ್ಲೇ ಸ್ಕ್ರೂ ಬಿಗಿದು ಟಿವಿ ಶೋಕೇಸಿನ ಬಾಗಿಲಿಗೆ ಹಿಡಿಕೆ ಮಾಡಿದ. ಮನೆ ನೋಡಲು ಲೋಕಾಪುರದಿಂದ, ಬನಹಟ್ಟಿಯಿಂದ ಜನ ಬಂದರು. "ನಿಮಗ ಸಂಗೀತದ್ದ ಭಾಳ ಹುಚ್ಚ ಅನ್ರಿ" ಎಂದು ಯಾರಾದರೂ ಅಂದರೆ ಮುರಗೆಪ್ಪ ಕಣ್ಣು ಅರೆಮುಚ್ಚಿ "ರಕ್ತದಾಗ ಐತ್ರಿ" ಅನ್ನುತ್ತಿದ್ದ.

ಮನೆಯಲ್ಲಿ ಮುಖ ಗಂಟು ಹಾಕಿಕೊಂಡವರು ಒಬ್ಬರೇ, ಅವನ ತಾಯಿ ಶಿವಗಂಗವ್ವ. ಎಂಬತ್ತೆರಡರ ಮುದುಕಿ, ಬಾಯಿ ಇನ್ನೂ ಇಪ್ಪತ್ತೆರಡರದು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಕೂಡಿಸಿ, ಮಣ್ಣಿಗೆ ಒಯ್ಯುವವರೆಗೂ ಅದರ ಮುಂದೆ ಭಜನೆ ಮಾಡುತ್ತಾರೆ. ಮುದುಕಿಯ ಚಿಂತೆಯೆಲ್ಲ ಅದೇ.

"ಲೇ ಮುರಗ್ಯಾ, ನಿಮ್ಮಪ್ಪನ ಮುಂದ ಈ ತಾಳಾನ ಬಾರಿಸಿದ್ರು. ನನ್ನ ಮುಂದೂ ಇದನ್ನ ಬಾರಸಬೇಕ. ನೀ ನೋಡಿದ್ರ ಕಪಾಟಿಗೆ ಜಡದ ಕುಂತಿ."

"ನಿನಗ ಜಮಖಂಡಿಯಿಂದ ಬ್ಯಾಂಡ್ ತರಸ್ತೀನಿ ಬೇ ಯವ್ವಾ."

"ಯಾಕ, ನನಗ ಇನ್ನೊಂದ ಮದುವಿ ಮಾಡಾಕತ್ತೀಯೇನ?"

ಮುರಗೆಪ್ಪ ನಕ್ಕು ಅಂಗಡಿಗೆ ಹೋದ. ಮುದುಕಿ ನಗಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಓಣಿಯ ತುದಿಮನೆಯ ಸುಂದರವ್ವ ತೀರಿಕೊಂಡರು. ಪಡಸಾಲೆಯಲ್ಲಿ ಅವರನ್ನು ಕೂಡಿಸಿ ಹೂವು ಏರಿಸಿದ್ದರು. ನಾನು ಪೇಟಿ ಮುಂದಿಟ್ಟುಕೊಂಡೆ. ಈರಪ್ಪ ಡಬ್ಬಿಯ ಬಟನ್ ಒತ್ತಿದ. ಬಟನ್ನಿನ ಮೇಲಿನ ಬರಹ ಇಂಗ್ಲಿಷ್, ಈರಪ್ಪನ ಕಣ್ಣಲ್ಲಿ ಪೊರೆ. ಗಣಪತಿ ಕಳಿಸುವಾಗ ಕುಣಿಯುತ್ತಾರಲ್ಲ, ಆ ಬಡಿತ ಧಡಧಡ ಶುರುವಾಯಿತು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನಮ್ಮನ್ನು ನೋಡಿದರು. ಆರಿಸಲು ಹೋದಷ್ಟೂ ಅದು ಜೋರಾಯಿತು. ಕಡೆಗೆ ಸುಂದರವ್ವನ ಮಗಳೇ ಎದ್ದು ಡಬ್ಬಿಯನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಪೇಟಿ ಸಮೇತ ಒಳಗೆ ಇಳಿಯುತ್ತಿದ್ದೆ.

ಈರಪ್ಪನೂ ನಾನೂ ಮುರಗೆಪ್ಪನ ಮನೆಗೆ ಓಡಿದೆವು. ಹಳೆಯ ಸಾಮಾನು ಕೇಳಿದ್ದಕ್ಕೆ ಅವನು ಗೋಡೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದ.

"ಮಾಸ್ತರ, ತಗದ್ರ ಇಂಟೀರಿಯರ್ ಕೆಡತೈತ್ರಿ."

ಒಳಗಿನಿಂದ ಶಿವಗಂಗವ್ವ ಕೋಲು ಊರುವ ಸಪ್ಪಳ ಬಂತು. "ಸಾವಿನ ಮನಿಯವರ ನಿಚ್ಚಣಿಕಿ ಕೇಳಿದ್ರ ಮಾಳಗಿ ಮ್ಯಾಲ ಇದ್ದಾಂವ ಜಿಗದಾದ್ರೂ ಕೊಡಬೇಕ. ತಗೀಲೇ!"

ಸಾವಿನ ಮನೆಗೆ ಇಲ್ಲ ಅಂದವನ ಮನೆಗೆ ನಾಳೆ ಯಾರು ಬರುತ್ತಾರೆ? ಇದು ಮುರಗೆಪ್ಪನಿಗೂ ಗೊತ್ತು. ಸ್ಟೂಲು ಹತ್ತಿದ. ತಂಬೂರಿ ಇಳಿಸಿದರೆ ಟಿಕ್ ಟಿಕ್ ಎಂದಿತು, ಅಷ್ಟೇ. ಡಗ್ಗಾದಿಂದ ವೈರು ಜೋತುಬಿತ್ತು. ಉಳಿದದ್ದು ತಾಳ. ಬೆವರು ಒರೆಸಿಕೊಳ್ಳುತ್ತ ಸ್ಕ್ರೂ ಬಿಚ್ಚಿದ. ಎರಡನೆಯದು ಕೈಜಾರಿ ಗ್ರಾನೈಟ್ ನೆಲದ ಮೇಲೆ ಬಿದ್ದು ಖಣ್ ಎಂದಿತು. ಆ ದನಿ ನಿಲ್ಲುವವರೆಗೆ ಶಿವಗಂಗವ್ವ ಕಣ್ಣು ಮುಚ್ಚಿ ನಿಂತಿದ್ದರು. ಆಮೇಲೆ ಎರಡೂ ತಾಳವನ್ನು ಮಗನ ಕೈಗೇ ತುರುಕಿದರು.

"ಬಾರಸಾವ್ರು ಮ್ಯಾಳ ಬಿಟ್ಟ ಹೋಗ್ಯಾರ. ನೀನ ನಡಿ."

ಮುರಗೆಪ್ಪ ಅಂದು ಮೂರು ತಾಸು ತಾಳ ಬಾರಿಸಿದ. ಬಾರಿಸಿದ ಅನ್ನುವುದು ಮರ್ಯಾದೆಯ ಮಾತು. ನಾವು ಒಂದು ಕಡೆ ಹೋದರೆ ಅವನು ಇನ್ನೊಂದು ಕಡೆ. ಕೂತಿದ್ದ ಸುಂದರವ್ವನ ಮೋರೆಯೂ ಸಿಟ್ಟಾದಂತೆ ನನಗೆ ಕಂಡಿತು. ಮಣ್ಣು ಮುಗಿಸಿ ಬಂದ ಮಗನಿಗೆ ಶಿವಗಂಗವ್ವ ಓಣಿ ಕೇಳುವಂತೆ ಹೇಳಿದರು:

"ನನ್ನ ಮುಂದ ಹಿಂಗ ಬಾರಸಿದ್ರ ನಾ ಎದ್ದ ಹೋಗತೀನಿ ನೋಡ. ನೀ ಬರೋಬ್ಬರಿ ಕಲಿಯೂತನಕ ನಾ ಸಾಯಂಗಿಲ್ಲ!"

ಮರುದಿನದಿಂದ ಮುರಗೆಪ್ಪ ನನ್ನ ಶಿಷ್ಯನಾದ. ತಾಳ ಶೋಕೇಸಿಗೆ ಮರಳಲಿಲ್ಲ. ಅವನ ಹೆಂಡತಿ ರಾಜಶ್ರೀ ಇವತ್ತಿಗೂ ಶೋಕೇಸಿನ ಬಾಗಿಲನ್ನು ಚಮಚದ ಹಿಡಿಯಿಂದ ಮೀಟಿ ತೆಗೆಯುತ್ತಾಳೆ. ದಿನಾ ಸಂಜೆ ನನ್ನ ಪೇಟಿಯ ಜೊತೆ ಅವನು ತಾಯಿಯ ಮುಂದೆ ಕೂತು ಬಾರಿಸಬೇಕು. ಒಂದು ಪದ ಮುಗಿಯುವುದರೊಳಗೆ ಎಲ್ಲೋ ಒಂದು ಕಡೆ ಎಡವುತ್ತಾನೆ. ಮುದುಕಿ ಬೈಯುತ್ತಾರೆ. ವರ್ಷವಾದರೂ ಇದೇ ಕಥೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕೇಳಲಾದರೂ ಕೇಳೀತು, ಇಲ್ಲಿ ಕಿನ್ನರಿಯೇ ಕೋಣನ ಕೈಯಲ್ಲಿದೆ ಎಂದು ನಾನು ಗುಡಿಕಟ್ಟೆಯಲ್ಲಿ ಜೋಕು ಹೊಡೆಯುತ್ತಿದ್ದೆ.

ಕಳೆದ ವಾರ ಬೆಲ್ಲ ಕೊಳ್ಳಲು ಅವನ ಅಂಗಡಿಗೆ ಹೋದೆ. ಗಿರಾಕಿ ಯಾರೂ ಇರಲಿಲ್ಲ. ಪೆಂಟೆಗಳ ಹಿಂದೆ ಮುರಗೆಪ್ಪ ಕಣ್ಣು ಮುಚ್ಚಿಕೊಂಡು, ನಾವು ಸಾವಿನ ಮನೆಯಲ್ಲಿ ಹಾಡುವ ಪದ ಗುನುಗುತ್ತ ತಾಳ ಬಾರಿಸುತ್ತಿದ್ದ. ಮೊದಲಿನಿಂದ ಕಡೆಯವರೆಗೆ ಒಂದು ಪೆಟ್ಟೂ ಆಚೀಚೆ ಆಗಲಿಲ್ಲ. ಅವನ ಅಪ್ಪನ ಕೈಯೇ. ಕಣ್ಣು ತೆರೆದು ನನ್ನನ್ನು ಕಂಡವನೇ ತಾಳವನ್ನು ತೊಡೆಯ ಕೆಳಗೆ ಬಚ್ಚಿಟ್ಟ.

"ಯವ್ವನ ಮುಂದ ಹೇಳಬ್ಯಾಡ್ರಿ ಮಾಸ್ತರ. ನಿಮ್ಮ ಕಾಲ ಬೀಳತೀನಿ."

ಗುಡಿಕಟ್ಟೆಯ ಜೋಕುಗಳು ನೆನಪಾಗಿ ನಾಚಿಕೆಯಾಯಿತು. ಬೆಲ್ಲ ಮರೆತು ಬರಿಗೈಯಲ್ಲಿ ಮನೆಗೆ ಬಂದೆ.

ಅಂದು ಸಂಜೆಯೂ ಅವನು ತಾಯಿಯ ಮುಂದೆ ಕೂತ, ಪದದ ನಡುವೆ ಎಡವಿದ, ಬೈಸಿಕೊಂಡು ಚಹಾ ಕುಡಿಯಲು ಒಳಗೆ ಹೋದ. ನಾನು ಪೇಟಿ ಮುಚ್ಚುತ್ತಿದ್ದೆ. ಶಿವಗಂಗವ್ವ ಕೋಲಿನಿಂದ ನನ್ನ ಮೊಣಕಾಲು ತಿವಿದು ದನಿ ತಗ್ಗಿಸಿದರು.

"ಬೇಕಂತ ತಪ್ಪಸ್ತಾನ್ರಿ ಹುಚ್ಚ ನನಮಗ. ಆರ ತಿಂಗಳಾತು, ನನಗ ಗೊತ್ತೈತಿ. ತಪ್ಪಸ್ಲಿ ಬಿಡ್ರಿ ಮಾಸ್ತರ, ನನಗೂ ಏನ ಅವಸರ ಐತಿ?"