ಏಳು ಚೀಟಿಗಳ ಕಥೆ

ಸನತ್‌ನಗರದ ನಮ್ಮ ಸಣ್ಣ ಗ್ರಂಥಾಲಯದಲ್ಲಿ ಪ್ರತಿ ಭಾನುವಾರ ನಾನು ಕಟ್ಟಡ ಕೂಲಿಕಾರರ ಮಕ್ಕಳಿಗೆ ಕನ್ನಡ ಓದಿಸುತ್ತಿದ್ದೆ. ಒಂದು ಕಥೆಯನ್ನು ಏಳು ಚೀಟಿಗಳಲ್ಲಿ ಬರೆದು ಹಂಚುವುದು, ಮಕ್ಕಳು ಓದಿಕೊಂಡು ಕಥೆ ನಡೆದಂತೆ ಸಾಲಾಗಿ ನಿಂತು ಸರದಿಯಂತೆ ಗಟ್ಟಿಯಾಗಿ ಓದುವುದು, ಇದು ನಮ್ಮ ಆಟ. ಇವರ ಅಪ್ಪ-ಅಮ್ಮಂದಿರು ಕಟ್ಟುತ್ತಿದ್ದ ಎದುರಿನ ಅಪಾರ್ಟ್‌ಮೆಂಟಿಗೆ ಬಣ್ಣ ಬಳಿದಾಗ ಚೆಂದವಾಯಿತೆಂದು ಹಿಗ್ಗಿದ್ದೆ. ಕೆಲಸ ಮುಗಿದರೆ ಇವರೂ ಹೊರಡುತ್ತಾರೆಂದು ನನ್ನ ಮೊದ್ದು ತಲೆಗೆ ಹೊಳೆಯಲಿಲ್ಲ.

ಬಣ್ಣ ಮುಗಿದ ವಾರ ಒಬ್ಬಳೇ ಹುಡುಗಿ ಬಂದಳು. ಚೀಟಿಗಳನ್ನು ನೆಲದ ಮೇಲೆ ಸರಿಯಾಗಿ ಜೋಡಿಸಿ, ಮೊದಲ ಆರರ ಹಿಂದೆ ಒಂದೊಂದಾಗಿ ನಿಂತು ಓದಿದಳು. ಕೊನೆಯದನ್ನು ನನ್ನ ಕೈಗಿತ್ತಳು.

“ಇದನ್ನ ನೀವು ಓದ್ರಿ, ಟೀಚರ್. ಲಿಂಗಂಪಲ್ಲ್ಯಾಗ ಹೊಸ ಬಿಲ್ಡಿಂಗ್ ಐತಂತ, ನಾಳಿ ನಾವೂ ಹೊಂಟೀವಿ.”

ಮುಂದಿನ ಭಾನುವಾರ ಏಳೂ ಚೀಟಿಗಳನ್ನು ನೆಲದ ಮೇಲಿಟ್ಟು, ಕೊನೆಯದರ ಹಿಂದೆ ನಿಂತು ನನ್ನ ಸರದಿಗೆ ಕಾದೆ.