ಕೆಂಪು ಅಂಚಿನ ತಾಟು
ಪುಣೆಯ ಕೋಥರೂಡದ ಬಿಂದುಮಾಧವರಿಗೆ ಕಾಮಾಲೆ ಬಂದಾಗಿನಿಂದ ಮನೆಯಲ್ಲಿ ಎಲ್ಲವೂ ಬೇರೆ ಬೇರೆಯಾಗಿದೆ. ಅವರ ತಾಟಿನ ಅಂಚಿಗೆ ಕೆಂಪು ಬಣ್ಣ, ಲೋಟದ ಕೊರಳಿಗೆ ಕೆಂಪು ದಾರ, ಟವೆಲ್ಲಿಗೆ ಬಾಲ್ಕನಿಯಲ್ಲಿ ಪ್ರತ್ಯೇಕ ಹಗ್ಗ. ಇದು ಹೆಪಟೈಟಿಸ್ ಬಿ, ಊಟದಿಂದ ಹರಡುವುದಿಲ್ಲ, ರಕ್ತದಿಂದ, ಗಂಡಹೆಂಡಿರ ಕೂಟದಿಂದ ಹರಡುತ್ತದೆ, ಹೆಂಡತಿಗೂ ಮಗಳಿಗೂ ತಡಮಾಡದೆ ಲಸಿಕೆ ಹಾಕಿಸಿ ಎಂದು ಡಾಕ್ಟರು ಹೇಳಿದ್ದರು. "ನನ್ನ ಹತ್ರಾನs ಯಾರನ್ನೂ ಬಿಟ್ಟುಕೊಳ್ಳೂದಿಲ್ಲ ಅಂದಮ್ಯಾಲೆ ಇಂಜೆಕ್ಷನ್ ಯಾಕ್ರಿ?" ಎಂದು ಇವರು ಎದ್ದು ಬಂದರು. ಈಗ ಫೋನನ್ನು ಕರವಸ್ತ್ರದಲ್ಲಿ ಹಿಡಿಯುತ್ತಾರೆ. ಹಾಲಿನವನು ಮೆಟ್ಟಿಲು ಹತ್ತುವ ಮೊದಲೇ "ತಿಥೇಚ್ ಥಾಂಬಾ!" ಎಂದು ಮರಾಠಿಯಲ್ಲಿ ಕೂಗಿ ಅಲ್ಲೇ ನಿಲ್ಲಿಸುತ್ತಾರೆ. ಮಗಳು ಅನುಜಾ ಬಳಿ ಬಂದರೆ "ದೂರ ನಿಂದ್ರವಾ" ಎನ್ನುತ್ತಾರೆ. ಆದರೂ ದಿನಾ ಬೆಳಿಗ್ಗೆ ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಮಾರು ದೂರದಿಂದಲೇ ಕತ್ತು ಚಾಚಿ, ಕಣ್ಣು ಹಳದಿಯಾಗಿದೆಯೇ ಎಂದು ನೋಡುತ್ತಾರೆ. "ಬೆಳ್ಳಗs ಅದಾವ್ರಿ ಅಪ್ಪಾ, ಸಾಲಿಗೆ ಹೊತ್ತಾತು" ಎಂದು ಅವಳು ನಗುತ್ತಾಳೆ. ಆಮೇಲೆ ಅವರ ಕ್ಷೌರ. ಮೊಂಡಾದ ಬ್ಲೇಡನ್ನು ಎಸೆದು ಗೊತ್ತಿಲ್ಲದ ಮನುಷ್ಯ. ಅದನ್ನು ಎರಡು ತುಂಡು ಮಾಡಿ, ಪೆನ್ಸಿಲ್ ಹೆರೆಯಲು ಆದೀತೆಂದು ಮಗಳ ಕಂಪಾಸ್ ಪೆಟ್ಟಿಗೆಯಲ್ಲಿ ಇಡುವುದು ಹಳೆಯ ರೂಢಿ. ಕಾಯಿಲೆಯಲ್ಲೂ ಅದು ತಪ್ಪಿರಲಿಲ್ಲ. ನಿನ್ನೆ ಅವರು ಕೆಂಪು ಅಂಚಿನ ತಾಟಿನಿಂದ ತಲೆಯೆತ್ತಿದಾಗ, ಎದುರು ಮೂಲೆಯಲ್ಲಿ ಪೆನ್ಸಿಲ್ ಹೆರೆಯುತ್ತಿದ್ದ ಅನುಜಾಳ ಬೆರಳ ತುದಿಯಲ್ಲಿ ರಕ್ತದ ಹನಿ ಮೂಡಿತ್ತು. ತುತ್ತು ಕೈಯಲ್ಲೇ ಉಳಿಯಿತು. ಅಪ್ಪನ ಮುಖ ಬಿಳಿಚಿದ್ದನ್ನು ಕಂಡು ಅವಳು ಹೆದರಿ ಗೋಡೆಗೆ ಸರಿದಳು. "ನಾ ನಿಮ್ಮ ತಾಟು ಮುಟ್ಟಿಲ್ರಿ ಅಪ್ಪಾ" ಎಂದಳು.