ಐವತ್ತೈದು ಇಂಚಿನ ಮದುವೆ ಕಾರ್ಡು

ಶಕ್ತಿನಗರದ ಬೊನಿಫಾಸ್ ಪೊರ್ಬುಗಳ ಮನೆಯಲ್ಲಿ ಗೋಡೆ ತುಂಬುವಷ್ಟು ದೊಡ್ಡ ಟಿವಿ ಇದೆ, ಐವತ್ತೈದು ಇಂಚಿನದ್ದು. ಅದರಲ್ಲಿ ಟಿವಿ ನೋಡುವ ಭಾಗ್ಯ ಮಾತ್ರ ಆ ಮನೆಯಲ್ಲಿ ಯಾರಿಗೂ ಇಲ್ಲ. ಅವರ ಹೆಂಡತಿ ಡಾಲಿ ಬಾಯಿಗೆ ಧಾರಾವಾಹಿ ನೋಡಬೇಕೆಂದರೆ ಮೊಬೈಲು ಹಿಡಿದು ಅಡುಗೆಮನೆಗೆ ಹೋಗಬೇಕು. ಹಾಲಿನಲ್ಲಿ ಪೊರ್ಬುಗಳು ಆ ಟಿವಿಗೆ ಕಂಪ್ಯೂಟರಿನ ವಯರು ಸಿಕ್ಕಿಸಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಊರವರ ಮದುವೆ ಕಾರ್ಡು ಮಾಡುತ್ತಿರುತ್ತಾರೆ.

ನಾನು ಪೂವಪ್ಪ. ಹಂಪನಕಟ್ಟೆಯ ಒಂದು ಓಣಿಯಲ್ಲಿ ನನ್ನ ಪ್ರೆಸ್ಸು. ಕ್ರೈಸ್ತರನ್ನು ನಾವು ತುಳುವರು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತೇನೆ, ಅವರು ನನ್ನನ್ನು ಬಾಯಿಗೆ ಬಂದ ಹಾಗೆ ಕರೆಯುತ್ತಾರೆ. ಅವರು ಕಾರ್ಡು ಮಾಡಿ ಫೈಲು ಕಳಿಸುವುದು, ನಾನು ಅಚ್ಚು ಹಾಕುವುದು. ನಮ್ಮಿಬ್ಬರ ತಲೆ ಹಣ್ಣಾದದ್ದೂ ಇದರಲ್ಲೇ. ಅವರ ಕೈಯಿಂದ ಬಂದ ಫೈಲಿಗೆ ನಾನು ಪ್ರೂಫ್ ನೋಡುವ ಕ್ರಮವಿಲ್ಲ. ತಪ್ಪು ಹುಡುಕುವುದರಲ್ಲಿ ಅವರಷ್ಟು ಕಿರಿಕಿರಿಯ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬನಿಲ್ಲ. ಒಂದು ಚುಕ್ಕೆ ಓರೆಯಾದರೂ ಫೋನು ಮಾಡಿ ತಲೆ ತಿನ್ನುತ್ತಿದ್ದರು.

ಆ ಮನುಷ್ಯನ ಕಣ್ಣಿಗೇ ಸಕ್ಕರೆ ಕಾಯಿಲೆ ಹತ್ತಿತು. ಆಸ್ಪತ್ರೆ, ಕಣ್ಣಿನೊಳಗೆ ಇಂಜೆಕ್ಷನ್, ಎಲ್ಲ ಆಯಿತು. ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ಹಳೆಯ ಮಾನಿಟರಿನಲ್ಲಿ ಅಕ್ಷರಗಳೆಲ್ಲ ಇರುವೆಗಳಾದವು. ಆಗ ಅವರ ಮಗಳು ಎಲೇನ್, ನರ್ಸು ಕೆಲಸದವಳು, ಈ ಟಿವಿ ತಂದು ಕಂಪ್ಯೂಟರಿಗೆ ಜೋಡಿಸಿಕೊಟ್ಟಳು. ಅವತ್ತು ಪೊರ್ಬುಗಳ ಖುಷಿ ನೋಡಬೇಕಿತ್ತು.

"ಪೂವಪ್ಪ, 'ಅ' ಈಗ ಹಲಸಿನಕಾಯಿಯಷ್ಟು ದೊಡ್ಡ ಕಾಣ್ತದೆ ಮಾರಾಯ. ಇನ್ನು ಹತ್ತು ವರ್ಷ ನಿನ್ನ ತಲೆ ತಿನ್ತೇನೆ."

"ಟಿವಿಯ ಬಣ್ಣ ನಂಬಿ ನನ್ನ ಕಾರ್ಡು ಹಾಳು ಮಾಡ್ಬೇಡಿ" ಎಂದು ನಾನೂ ಬಿಡಲಿಲ್ಲ. ಒಳಗೆ ಮಾತ್ರ ನನಗೂ ಸಮಾಧಾನವಾಗಿತ್ತು. ಆದರೆ ಹೋದಾಗಲೆಲ್ಲ ಕುರ್ಚಿ ಟಿವಿಗೆ ಇನ್ನಷ್ಟು ಹತ್ತಿರ ಇರುತ್ತಿತ್ತು. ಕೇಳುವ ಮೊದಲೇ "ಕಾಣ್ತದೆ, ಕಾಣ್ತದೆ" ಎನ್ನುತ್ತಿದ್ದರು.

ಈ ವರ್ಷ ಎಲೇನಳಿಗೆ ಮದುವೆ ನಿಶ್ಚಯವಾಯಿತು, ಹುಡುಗ ರೂಬನ್. ಕಾರ್ಡು ಬೇರೆಯವರಿಂದ ಮಾಡಿಸೋಣ ಎಂದು ಡಾಲಿ ಬಾಯಿ ಮೆಲ್ಲಗೆ ಹೇಳಿ ನೋಡಿದರು. ಪೊರ್ಬುಗಳು ಕೆಂಡವಾದರು. "ನನ್ನ ಮಗಳ ಕಾರ್ಡು ಬೇರೆಯವರು ಮಾಡುದಾದ್ರೆ ನಾನು ಇದ್ದು ಎಂತ ಪ್ರಯೋಜನ? ಇದೊಂದು ಸರಿ ಮಾಡದಿದ್ರೆ ಮತ್ತೆ ನಾನು ಆ ಕುರ್ಚಿಯಲ್ಲಿ ಕೂರುವುದಿಲ್ಲ." ಹಟಮಾರಿ. ಹೇಳಿದರೆ ಹೇಳಿದ ಹಾಗೆ.

ಎಲೇನಳಿಗೆ ಗೆಳತಿ ಮೆರ್ಲಿನಳ ಕಾರ್ಡಿನಂಥದ್ದೇ ಬೇಕಿತ್ತು. ನಮ್ಮ ಕಸುಬಿನಲ್ಲಿ ಹೊಸ ಕಾರ್ಡು ಎಂದರೆ ಹಳೆಯ ಫೈಲು ತೆರೆದು ಹೆಸರು ಬದಲಿಸುವುದೇ ಅಲ್ಲವೇ? ಮೆರ್ಲಿನಳ ಕಾರ್ಡು ಮಾಡಿದ್ದೂ ಅವರೇ. ಆ ಫೈಲಿನ ಮೂಲೆ ಮೂಲೆ ಅವರ ಬೆರಳಿಗೆ ಬಾಯಿಪಾಠ.

ಫೈಲು ಪ್ರೆಸ್ಸಿಗೆ ಬಂತು. ನೇರ ಅಚ್ಚಿಗೆ ಹಾಕುವವನು, ನಮ್ಮ ಹುಡುಗಿಯ ಹೆಸರು ಹೇಗೆ ಕೂತಿದೆ ನೋಡೋಣ ಎಂದು ಆಸೆಯಿಂದ ತೆರೆದೆ. ಅಲ್ಲಿ ಹೀಗಿತ್ತು: "ದಿವಂಗತ ಬೊನಿಫಾಸ್ ಮತ್ತು ಶ್ರೀಮತಿ ಡಾಲಿ ಇವರ ಪುತ್ರಿ."

ಮೆರ್ಲಿನಳ ಅಪ್ಪ ಅವಳ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಆ ಅಪ್ಪನ ಹೆಸರು ಹೋಗಿದೆ, ಹೆಸರಿನ ಎಡಕ್ಕಿದ್ದ ಶಬ್ದ ಉಳಿದಿದೆ.

ಮೊದಲು ನಗು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ಸಾಲನ್ನು ಮತ್ತೊಮ್ಮೆ ಓದಿದೆ. ಆ ಶಬ್ದ ಅಳಿಸಿ ಸುಮ್ಮನಿರಬಹುದಿತ್ತು. ಆದರೆ ನಾಳೆ ಬೇರೆ ಯಾರದೋ ಕಾರ್ಡಿನಲ್ಲಿ ಬದುಕಿರುವವರನ್ನು ಸಾಯಿಸಿದರೆ ಆ ಮನೆಯವರು ಇವರನ್ನು ಬಿಡುತ್ತಾರೆಯೇ? ಶಟರು ಎಳೆದು ಶಕ್ತಿನಗರದ ಬಸ್ಸು ಹತ್ತಿದೆ.

ಬಾಗಿಲಲ್ಲಿ ನಿಂತೆ. ನಾನು ಬಾಯಿ ಬಿಡುವವರೆಗೂ ಪೊರ್ಬುಗಳು "ಬಾ" ಎನ್ನಲಿಲ್ಲ. ಮಗಳ ಮದುವೆಯ ಗರ್ವ ಎಂದುಕೊಂಡೆ.

"ಪೊರ್ಬುಗಳೇ, ಕಾರ್ಡಿನಲ್ಲಿ ನಿಮ್ಮ ಹೆಸರಿನ ಎಡಕ್ಕೆ ಒಂದು ಶಬ್ದ ಉಳಿದಿದೆ. ತೆಗೀಬೇಕು."

"ಎಂತ ಶಬ್ದ?"

ಅದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಅವರು ಫೈಲು ತೆರೆದು, ಎಂದಿನಂತೆ ಕಾರ್ಡನ್ನು ಟಿವಿಯ ಈ ಅಂಚಿನಿಂದ ಆ ಅಂಚಿನವರೆಗೆ ಹಿಗ್ಗಿಸಿದರು. ನೋಡಿದರೆ ಸಾಲು ಶುರುವಾಗುವುದೇ "ಬೊನಿಫಾಸ್" ಎಂದು. ಅದರ ಎಡಕ್ಕೆ ಏನೂ ಇಲ್ಲ.

"ಎಲ್ಲಿ ಉಂಟು? ಡಾಲಿ, ನಿಂಗೆ ಕಾಣ್ತದಾ?"

"ಎಂತದೂ ಇಲ್ಲ" ಎಂದರು ಡಾಲಿ ಬಾಯಿ.

"ನಿಂಗೆ ವಯಸ್ಸಾಯ್ತು ಪೂವಪ್ಪ. ನೀನೊಮ್ಮೆ ಕಣ್ಣು ತೋರಿಸಿ ಬಾ."

ಡ್ಯೂಟಿ ಮುಗಿಸಿ ಬಂದಿದ್ದ ಎಲೇನ್ ಟಿವಿಯನ್ನೇ ನೋಡುತ್ತಿದ್ದಳು. "ಅಂಕಲ್, ಈ ಟಿವಿ ಸುತ್ತಲಿನ ಅಂಚು ನುಂಗ್ತದೆ. ಕಂಪ್ಯೂಟರಿನಲ್ಲಿ ಇದ್ದದ್ದು ಪೂರ್ತಿ ಬರುವುದಿಲ್ಲ. ಸೆಟ್ಟಿಂಗ್ ಮಾಡ್ಬೇಕಿತ್ತು, ನಂಗೆ ಅವತ್ತು ಹೊಳೀಲಿಲ್ಲ."

ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು. ಆ ಟಿವಿಗೆ, ಅದನ್ನು ಮಾಡಿದವನಿಗೆ, ಮಾರಿದವನಿಗೆ ತುಳುವಿನಲ್ಲಿ ಮನಸಾರೆ ಬೈದೆ. ಡಾಲಿ ಬಾಯಿ ನಕ್ಕು, ಚಾ ಇಡ್ತೇನೆ ಎಂದರು. ಪೊರ್ಬುಗಳು ಬೆನ್ನು ನೆಟ್ಟಗೆ ಮಾಡಿ ಕೂತರು. "ಟಿವಿಯದ್ದು ತಪ್ಪು. ಕಣ್ಣಿನದ್ದು ಅಲ್ಲ. ಕೇಳ್ತಾ ಡಾಲಿ?"

ಎಲೇನ್ ರಿಮೋಟಿನಲ್ಲಿ ಏನೇನೋ ಒತ್ತಿದಳು. ಚಿತ್ರ ನಾಲ್ಕೂ ಕಡೆಯಿಂದ ಸ್ವಲ್ಪ ಕುಗ್ಗಿತು. ಎಡಗಡೆಯಿಂದ ಆ ಶಬ್ದ ಒಳಗೆ ಬಂತು. ಒಂದೊಂದು ಅಕ್ಷರವೂ ನನ್ನ ಅಂಗೈಯಷ್ಟು.

ದಿವಂಗತ.

ಡಾಲಿ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಅಲ್ಲೇ ನಿಂತರು. ಎಲೇನಳ ಕೈಯಲ್ಲಿ ರಿಮೋಟು ಹಾಗೆಯೇ ಉಳಿಯಿತು. ಪೊರ್ಬುಗಳು ಕುರ್ಚಿಯಿಂದ ಎದ್ದು, ಆ ಶಬ್ದದ ಎದುರಿಗೇ ಮುಖವಿಟ್ಟು, ಕತ್ತನ್ನು ಒಮ್ಮೆ ಆಚೆ ಒಮ್ಮೆ ಈಚೆ ತಿರುಗಿಸಿದರು. ಟಿವಿಯ ಬೆಳಕು ಅವರ ಕೆನ್ನೆಯ ಮೇಲಿತ್ತು. ಆಮೇಲೆ ನಮ್ಮ ಕಡೆ ತಿರುಗಿ ನಕ್ಕರು.

"ಎಂತ ಎಲ್ಲರೂ ಸುಮ್ಮನಾದ್ರಿ? ಎಲೇನ್, ಒತ್ತು ಪುತಾ. ಆ ಶಬ್ದ ಇನ್ನೂ ಬರ್ಲಿಲ್ಲ ಅಲ್ವಾ?"

ಎಲೇನ್ ನನ್ನ ಮುಖ ನೋಡಿದಳು.

"ಇಲ್ಲ ಪಪ್ಪಾ" ಎಂದಳು. "ಇನ್ನೂ ಬರ್ಲಿಲ್ಲ."